ಬಾಣಂತಿ ಸನ್ನಿ: ಗಾಳಿಯಲ್ಲ, ಕಾಯಿಲೆ

"ಗಾಳಿ ಸೋಂಕ್ಯಾದ್ರಿ ಡಾಕ್ಟರ್ ಸಾಹೇಬ್ರ, ತಾಯತ ಕಟ್ಟಿಸೀವಿ, ಕಡಿಮಿ ಆಗವಲ್ದು."

ನಾರಾಯಣಪುರದ ನನ್ನ ದವಾಖಾನೆಗೆ ಸೊಸೆಯನ್ನು ಕರೆತಂದ ಅತ್ತೆಯ ಮಾತಿದು. ಹೆರಿಗೆಯಾಗಿ ಎಂಟು ದಿನ. ನಾಲ್ಕು ರಾತ್ರಿಗಳಿಂದ ನಿದ್ದೆಯಿಲ್ಲ. ತೊಟ್ಟಿಲಲ್ಲಿರುವ ಮಗು ತನ್ನದಲ್ಲ, ಯಾರೋ ಬದಲಿಸಿದ್ದಾರೆ ಎಂಬ ಹಟ. ಜ್ವರವಿರಲಿಲ್ಲ. ಜನ ಬಾಣಂತಿ ಸನ್ನಿ ಎಂದು ಕರೆಯುವ ಮನೋರೋಗವಿದು.

ಈ ಕಾಯಿಲೆಯನ್ನು ಕನ್ನಡಿಗರ ಮನೆಮನೆಗೆ ಪರಿಚಯಿಸಿದವರು ವೈದ್ಯರಲ್ಲ, ಕಾದಂಬರಿಕಾರ್ತಿ ತ್ರಿವೇಣಿ (1928-63). ಮನಃಶಾಸ್ತ್ರ ಓದಿದ್ದ ಅವರ 'ಶರಪಂಜರ'ವನ್ನು 1971ರಲ್ಲಿ ಪುಟ್ಟಣ್ಣ ಕಣಗಾಲ್ ಚಲನಚಿತ್ರ ಮಾಡಿದರು. ಕಾವೇರಿಯ ಪಾತ್ರದಲ್ಲಿ ಕಲ್ಪನಾ ನಟಿಸಿದರು. ಹೆರಿಗೆಯ ನಂತರ ಬುದ್ಧಿ ಕೆಟ್ಟ ಕಾವೇರಿ ಚಿಕಿತ್ಸೆಯಿಂದ ಗುಣವಾಗಿಯೇ ಮನೆಗೆ ಬರುತ್ತಾಳೆ. ಆದರೆ ಗಂಡನ ಅಸಡ್ಡೆ, ನೆಂಟರ ಅನುಮಾನ ಆಕೆಯನ್ನು ಮತ್ತೆ ಹುಚ್ಚಿಗೆ ತಳ್ಳುತ್ತವೆ.

ಸ್ವತಃ ವೈದ್ಯರಾಗಿದ್ದ ರಷ್ಯದ ಚೆಕಾಫ್ 1892ರ 'ಆರನೇ ವಾರ್ಡು' ಕಥೆಯಲ್ಲಿ ಇದನ್ನೇ ಹೇಳಿದ್ದರು. ಮನೋರೋಗಿಯೊಬ್ಬನ ಜೊತೆ ಕುಳಿತು ಮಾತನಾಡಿದ ವೈದ್ಯನನ್ನೇ ಊರವರು ಹುಚ್ಚನೆಂದು ಅದೇ ವಾರ್ಡಿಗೆ ಕೂಡಿಹಾಕುತ್ತಾರೆ. ರೋಗಕ್ಕಿಂತ ಹಣೆಪಟ್ಟಿ ಕ್ರೂರ.

ಹೆರಿಗೆಯಾದ ಮೂರು-ನಾಲ್ಕನೇ ದಿನ ಸುಮ್ಮಸುಮ್ಮನೆ ಅಳು ಬರುವುದು ಅನೇಕ ತಾಯಂದಿರಲ್ಲಿ ಸಹಜ. ಎರಡು ವಾರದೊಳಗೆ ತಾನಾಗಿಯೇ ಹೋಗುತ್ತದೆ. ಸನ್ನಿ ಹಾಗಲ್ಲ. ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ, ಹೆಚ್ಚಾಗಿ ಮೊದಲ ಎರಡು ವಾರಗಳಲ್ಲಿ ಕಾಣಿಸುತ್ತದೆ. ನಿದ್ದೆಗೇಡು, ವಿಪರೀತ ಸಂಶಯ, ಇಲ್ಲದ ದನಿ ಕೇಳಿಸುವುದು ಇದರ ಲಕ್ಷಣಗಳು. ಇದು ತುರ್ತು ಕಾಯಿಲೆ. ತಾಯಿ, ಮಗುವನ್ನು ಒಂಟಿಯಾಗಿ ಬಿಡಬೇಡಿ. ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಜ್ವರವಿದ್ದರೆ ನಂಜಿರಬಹುದು, ಅದನ್ನೂ ಪರೀಕ್ಷಿಸಬೇಕು. ಸಲಹೆಗೆ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು. ಸಕಾಲಕ್ಕೆ ಚಿಕಿತ್ಸೆ ಸಿಕ್ಕರೆ ಬಹುತೇಕರು ಪೂರ್ಣ ಗುಣವಾಗುತ್ತಾರೆ. ಮುಂದಿನ ಹೆರಿಗೆಯಲ್ಲಿ ಮರುಕಳಿಸಬಹುದಾದ್ದರಿಂದ ಬಸುರಿಯಾದಾಗಲೇ ವೈದ್ಯರಿಗೆ ತಿಳಿಸಬೇಕು. ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸಬಾರದು.

ಆ ಸೊಸೆಯನ್ನು ಅಂದೇ ಮನೋರೋಗ ತಜ್ಞರ ಬಳಿಗೆ ಕಳಿಸಿದೆ. ಮೂರು ತಿಂಗಳ ನಂತರ ಇಬ್ಬರೂ ಬಂದರು. ಮಗು ಅತ್ತೆಯ ತೊಡೆಯ ಮೇಲಿತ್ತು. ಸೊಸೆ ದೂರ ನಿಂತಿದ್ದಳು. "ಈಗ ಆಕಿ ಕೈಯಾಗ ಕೂಸು ಕೊಡಬಹುದೇನ್ರಿ?" ಎಂದು ಅತ್ತೆ ಪಿಸುಗುಟ್ಟಿದರು.

"ಕೊಡ್ರಿ ತಾಯಿ, ತಜ್ಞರೂ ಹಾಗೇ ಬರದಾರ. ಉಳಿದ ಔಷಧ ಅದೇ" ಎಂದೆ. ಕಾವೇರಿಗೆ ಸಿಗದೇ ಹೋದದ್ದೂ ಅದೇ.