ಐವತ್ತಕ್ಕೆ ಬಿಟ್ಟರೂ ಲಾಭವುಂಟು

"ಇಷ್ಟು ವರ್ಷ ಸೇದಾಯ್ತಲ್ಲ ಡಾಕ್ಟ್ರೇ, ಈಗ ಬಿಟ್ಟು ಏನ್ ಬಂತು?" ಎದೆರೋಗ ನೋಡುವ ನನಗೆ ಗಂಡಸರು ಹಾಕುವ ಪ್ರಶ್ನೆ ಇದೇ. ಲಾರಿ ಓಡಿಸುವವರು, ಗಾರೆ ಕೆಲಸದವರು, ಹೊಲಮನೆಯವರು. ಹದಿಹರೆಯದಲ್ಲೇ ಬೀಡಿ ಹಚ್ಚಿ ಐವತ್ತು ದಾಟಿದವರು. ಹೆಂಡತಿ ಪಕ್ಕದಲ್ಲೇ ನಿಂತಿರುತ್ತಾರೆ. ಉತ್ತರ ಬೇಕಾಗಿರುವುದು ಹೆಚ್ಚಾಗಿ ಅವರಿಗೆ.

ಉತ್ತರ ಲೆಕ್ಕದಲ್ಲಿಯೇ ಇದೆ. ಲಂಡನ್ನಿನ ಆಸ್ಪತ್ರೆಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ಏಕೆ ಹೆಚ್ಚುತ್ತಿದೆ ಎಂದು ರಿಚರ್ಡ್ ಡಾಲ್ ಮತ್ತು ಆಸ್ಟಿನ್ ಬ್ರಾಡ್‌ಫೋರ್ಡ್ ಹಿಲ್ ಹುಡುಕಹೊರಟಾಗ, ಡಾಲ್ ಅವರ ಗುಮಾನಿ ಇದ್ದದ್ದು ರಸ್ತೆಯ ಟಾರಿನ ಮೇಲೆ. 1950ರಲ್ಲಿ ಪ್ರಕಟವಾದ ಫಲಿತಾಂಶ ಬೇರೆಯೇ ಹೇಳಿತು: ಈ ಕ್ಯಾನ್ಸರ್ ಬಂದ 649 ಗಂಡಸರಲ್ಲಿ ಧೂಮಪಾನವಿಲ್ಲದವರು ಇಬ್ಬರೇ, ಬೇರೆ ಕಾಯಿಲೆಯ ಅಷ್ಟೇ ಗಂಡಸರಲ್ಲಿ 27 ಮಂದಿ. ಡಾಲ್ ತಾವೇ ಸಿಗರೇಟು ಬಿಟ್ಟರು. ಮರುವರ್ಷ ಇಬ್ಬರೂ ಬ್ರಿಟನ್ನಿನ ವೈದ್ಯರಿಗೆಲ್ಲ ಪತ್ರ ಬರೆದು, ಉತ್ತರಿಸಿದ 34,439 ಪುರುಷ ವೈದ್ಯರ ಬದುಕು-ಸಾವನ್ನು ಗಮನಿಸತೊಡಗಿದರು. ಆ ಕೆಲಸ 50 ವರ್ಷ ನಡೆಯಿತು. ಸೇದುತ್ತಲೇ ಉಳಿದವರು ಸರಾಸರಿ 10 ವರ್ಷ ಮೊದಲೇ ತೀರಿಕೊಂಡರು. ಐವತ್ತಕ್ಕೆ ಬಿಟ್ಟವರು ಅದರಲ್ಲಿ ಸುಮಾರು 6 ವರ್ಷ ಉಳಿಸಿಕೊಂಡರು.

2000ದಲ್ಲಿ ರಿಚರ್ಡ್ ಪೀಟೊ, ಡಾಲ್ ಮತ್ತು ಸಂಗಡಿಗರು ಬ್ರಿಟನ್ನಿನ ಗಂಡಸರಿಗೆ ಇನ್ನೊಂದು ಲೆಕ್ಕ ಕೊಟ್ಟರು. ಬಿಡದೆ ಸೇದಿದರೆ, 75ರೊಳಗೆ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವ ಸಂಭವ ನೂರಕ್ಕೆ 16. ಅರವತ್ತಕ್ಕೆ ಬಿಟ್ಟರೆ 10, ಐವತ್ತಕ್ಕೆ ಬಿಟ್ಟರೆ 6, ಮೂವತ್ತಕ್ಕೆ ಬಿಟ್ಟರೆ 2ಕ್ಕೂ ಕಡಿಮೆ. ಈ ಅಂಕಿಗಳನ್ನು ನಾನು ಔಷಧಿ ಚೀಟಿಯ ಹಿಂಭಾಗದಲ್ಲಿ ಬರೆದುಕೊಡುತ್ತೇನೆ.

ಹೀಗೇಕೆ? ಹೊಗೆಯ ರಾಸಾಯನಿಕಗಳು ಶ್ವಾಸಕೋಶದ ಕೋಶಗಳ ಡಿಎನ್‌ಎಗೆ ಅಂಟಿ ಅದನ್ನು ಕೆಡಿಸುತ್ತವೆ. ಒಂದೇ ಪೆಟ್ಟಿಗೆ ಕ್ಯಾನ್ಸರ್ ಆಗುವುದಿಲ್ಲ, ಹಾನಿ ಹತ್ತಾರು ವರ್ಷ ಒಟ್ಟುಗೂಡಬೇಕು. ಹಾಗಾಗಿ ದಿನಕ್ಕೆ ಎಷ್ಟು ಸೇದಿದಿರಿ ಎಂಬುದಕ್ಕಿಂತ ಎಷ್ಟು ವರ್ಷ ಸೇದಿದಿರಿ ಎಂಬುದು ಹೆಚ್ಚು ಭಾರ. ಬಿಟ್ಟ ಮೇಲೆ ಅಪಾಯ ಸೊನ್ನೆಯಾಗದು. ಆದರೆ ಸೇದುತ್ತಲೇ ಇದ್ದರೆ ಮುಂದಿನ ವರ್ಷಗಳಲ್ಲಿ ಅದು ಏರುವ ರಭಸವಿದೆಯಲ್ಲ, ಅದು ತಪ್ಪುತ್ತದೆ.

"ನಂದು ಬರೀ ಬೀಡಿ" ಎನ್ನುವವರೂ ಇದ್ದಾರೆ. ಬೀಡಿಯಲ್ಲಿ ತಂಬಾಕು ಕಡಿಮೆ, ನಿಜ. ಎಳೆಯುತ್ತಿರದಿದ್ದರೆ ಅದು ಆರಿಹೋಗುತ್ತದೆ. ಅದಕ್ಕೇ ಮೇಲಿಂದ ಮೇಲೆ, ಆಳವಾಗಿ ಎಳೆಯಬೇಕು. ಬೀಡಿಯಿಂದಲೂ ಈ ಕ್ಯಾನ್ಸರ್ ಬರುತ್ತದೆ.

ಕಫದಲ್ಲಿ ರಕ್ತ, ವಾರಗಟ್ಟಲೆ ಹೋಗದ ಕೆಮ್ಮು, ಕಾರಣವಿಲ್ಲದೆ ಇಳಿದ ತೂಕ ಕಂಡರೆ ದಯವಿಟ್ಟು ತಡಮಾಡಬೇಡಿ. ಕ್ಷಯವಿರಬಹುದು, ಕ್ಯಾನ್ಸರೂ ಇರಬಹುದು. ಕಫ ಪರೀಕ್ಷೆ, ಎಕ್ಸ್‌ರೇ ಆಗಲೇಬೇಕು. ಬಿಡಲು ನೆರವು ಬೇಕೆಂದರೆ ಸಿಗರೇಟು ಪ್ಯಾಕಿನ ಮೇಲೆಯೇ ಉಚಿತ ಸಹಾಯವಾಣಿ ಇದೆ: 1800-11-2356. ಕನ್ನಡದಲ್ಲೇ ಮಾತಾಡಬಹುದು.