ಕಡಲು ಶಾಂತ ಇದ್ರೂ ನೇತ್ರಾಣಿಗೆ ಬೋಟ್ ಯಾಕೆ ಬಿಡಲ್ಲ? ಸ್ಕೂಬಾಕ್ಕೆ ಮುನ್ನ ತಿಳಿದಿರಬೇಕಾದ ಸಂಗತಿಗಳು

ಮುರುಡೇಶ್ವರ: "ಅಣ್ಣಾ, ಸಮುದ್ರ ಇಷ್ಟು ಶಾಂತವಾಗಿದೆ, ಸ್ಕೂಬಾ ಯಾಕೆ ಕ್ಯಾನ್ಸಲ್ ಮಾಡಿದ್ರು?"

ಸೀಸನ್‌ನಲ್ಲಿ ಇಲ್ಲಿನ ಅಂಗಡಿ, ಹೋಟೆಲ್, ಲಾಡ್ಜ್‌ನವರಿಗೆ ಪ್ರವಾಸಿಗರಿಂದ ಬರುವ ಪ್ರಶ್ನೆ ಇದು. ರಾತ್ರಿಯಿಡೀ ಬಸ್ಸಲ್ಲೋ ರೈಲಲ್ಲೋ ಕೂತು ಬಂದವರಿಗೆ ಬೆಳಿಗ್ಗೆ ಬೋಟ್ ಇಲ್ಲ ಅಂದ್ರೆ ಸಿಟ್ಟು ಬರೋದು ಸಹಜ. ಆದರೆ ದಡದಲ್ಲಿ ನಿಂತು ನೋಡುವ ಕಡಲೇ ಬೇರೆ, ಸ್ಕೂಬಾ ನಡೆಯುವ ಕಡಲೇ ಬೇರೆ.

ಡೈವಿಂಗ್ ಬೀಚ್‌ನಲ್ಲಿ ಅಲ್ಲ

ಸ್ಕೂಬಾ ನಡೆಯುವುದು ದಡದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪದ ಸುತ್ತ. ದಡದ ಹತ್ತಿರ ಅಲೆ ಮರಳನ್ನು ಕಲಕುತ್ತಲೇ ಇರ್ತದೆ, ಹೊಳೆ ನೀರಿನ ಕೆಸರೂ ಸೇರ್ತದೆ. ಇಲ್ಲಿ ಮುಳುಗಿದರೆ ಏನೂ ಕಾಣೋದಿಲ್ಲ. ನೇತ್ರಾಣಿ ಹತ್ತಿರ ಬಂಡೆ, ಹವಳ ಇದ್ದು ನೀರು ತಿಳಿಯಾಗಿರ್ತದೆ. ಒಳ್ಳೆ ದಿನ 10–15 ಮೀಟರ್ ದೂರದ ಮೀನೂ ಕಾಣ್ತದೆ. ದ್ವೀಪದ ಮರೆ ಇರುವ ಬದಿಯಲ್ಲಿ ಹೆಚ್ಚು ಆಳವಿಲ್ಲದ ಜಾಗಗಳಿವೆ. ಹೊಸಬರಿಗೆ ಇದು ಅನುಕೂಲ ಅನ್ನೋದು ಇದೇ ಕಾರಣಕ್ಕೆ. ಪುನೀತ್ ರಾಜ್‌ಕುಮಾರ್ 'ಗಂಧದಗುಡಿ'ಯಲ್ಲಿ ಇಲ್ಲಿನ ನೀರಿಗಿಳಿದ ಮೇಲಂತೂ ನೇತ್ರಾಣಿ ಹೆಸರು ಎಲ್ಲರ ಬಾಯಲ್ಲಿದೆ.

ಆದರೆ ಅಲ್ಲಿಗೆ ತಲುಪಲು ತೆರೆದ ಸಮುದ್ರದಲ್ಲಿ ಒಂದು ಗಂಟೆಗೂ ಹೆಚ್ಚು ಹೊತ್ತು ಸಾಗಬೇಕು. ದಡದಲ್ಲಿ ಮೊಣಕಾಲೆತ್ತರದ ಅಲೆ ಇದ್ದರೂ ಅಲ್ಲಿ ಬೋಟ್ ಹೊಯ್ದಾಡುವಷ್ಟು ಅಲೆ ಇರಬಹುದು. ಹೊಸಬರು ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ನೀರಿಗಿಳಿಯುವಾಗ, ವಾಪಸ್ ಏಣಿ ಹಿಡಿದು ಹತ್ತುವಾಗ ಬೋಟ್ ಎದ್ದು ಬಿದ್ದರೆ ತಲೆಗೆ ಪೆಟ್ಟಾಗ್ತದೆ.

ಯಾವ ತಿಂಗಳು, ಯಾವ ಹೊತ್ತು?

ಸಾಮಾನ್ಯವಾಗಿ ಅಕ್ಟೋಬರ್‌ನಿಂದ ಮೇ ತನಕ ಸೀಸನ್. ಮಳೆಗಾಲದಲ್ಲಿ ಪೂರ್ತಿ ಬಂದ್. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೂ ನಿಷೇಧ ಇರುವ ಕಾಲ ಅದು. ಅಕ್ಟೋಬರ್ ಶುರುವಿನಲ್ಲಿ ಮಳೆನೀರಿನ ಕೆಸರು ಇನ್ನೂ ಉಳಿದಿರ್ತದೆ. ಡಿಸೆಂಬರ್‌ನಿಂದ ಫೆಬ್ರವರಿ ಹೊಸಬರಿಗೆ ಒಳ್ಳೆ ಸಮಯ. ಏಪ್ರಿಲ್ ನಂತರ ಅಲೆ ನಂಬುವ ಹಾಗಿಲ್ಲ.

ಬೋಟ್‌ಗಳು ಬೆಳಿಗ್ಗೆಯೇ ಹೊರಡುವುದಕ್ಕೂ ಕಾರಣ ಇದೆ. ಬಿಸಿಲೇರಿದ ಹಾಗೆ ನೆಲ ಕಾದು, ಮಧ್ಯಾಹ್ನ ಕಡಲಿನಿಂದ ದಡದ ಕಡೆ ಗಾಳಿ ಬೀಸ್ತದೆ, ತೆರೆ ಏಳ್ತದೆ. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ಭರತ–ಇಳಿತ ಜಾಸ್ತಿ, ನೀರಿನ ಸೆಳೆತವೂ ಜಾಸ್ತಿ. ಇದು ನಮ್ಮ ಮೀನುಗಾರರಿಗೆ ಹೇಳಿಕೊಡಬೇಕಾದ ಪಾಠ ಅಲ್ಲ.

ಇನ್ನೊಂದು ಮೋಸದ ಅಲೆ ಇದೆ. ಇಲ್ಲಿ ಗಾಳಿಯೇ ಇರೋದಿಲ್ಲ, ಆಕಾಶವೂ ಶುಭ್ರ. ಆದರೆ ಹಿಂದೂ ಮಹಾಸಾಗರದ ದಕ್ಷಿಣದಲ್ಲಿ ದೂರದಲ್ಲೆಲ್ಲೋ ಎದ್ದ ಬಿರುಗಾಳಿಯ ಅಲೆ ಕೆಲವು ದಿನ ಬಿಟ್ಟು ನಮ್ಮ ಕರಾವಳಿಗೆ ಬಂದು ಬಡೀತದೆ. ಹೈದರಾಬಾದ್‌ನಲ್ಲಿರುವ ಇನ್‌ಕಾಯಿಸ್ ಸಂಸ್ಥೆ ಎತ್ತರದ ಅಲೆಗಳ ಎಚ್ಚರಿಕೆ ಕೊಡುವಾಗ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ತದೆ. ಬಿಸಿಲಿನ ದಿನ ಬೋಟ್ ನಿಲ್ಲಲು ಇದೂ ಒಂದು ಕಾರಣ.

ಈಜು ಬರದವರೂ ಇಳಿಯಬಹುದಾ?

ಇಳಿಯಬಹುದು. ಮೊದಲ ಬಾರಿಯವರನ್ನು ತರಬೇತುದಾರರು ಕೈ ಹಿಡಿದೇ ಕರೆದೊಯ್ತಾರೆ. ಪಾಡಿ ಎಂಬ ಅಂತಾರಾಷ್ಟ್ರೀಯ ತರಬೇತಿ ಸಂಸ್ಥೆಯ ನಿಯಮದಲ್ಲಿ ಹೊಸಬರಿಗೆ 12 ಮೀಟರ್‌ಗಿಂತ ಆಳ ಇಲ್ಲ, ವಯಸ್ಸು 10 ತುಂಬಿರಬೇಕು.

ಬೆನ್ನಿಗಿರುವುದನ್ನು ಎಲ್ಲರೂ ಆಕ್ಸಿಜನ್ ಸಿಲಿಂಡರ್ ಅಂತಾರೆ. ಸಾಮಾನ್ಯವಾಗಿ ಅದರಲ್ಲಿರೋದು ನಾವು ಉಸಿರಾಡುವ ಗಾಳಿಯೇ, ಒತ್ತಿ ತುಂಬಿರ್ತಾರೆ ಅಷ್ಟೆ. 10 ಮೀಟರ್ ಆಳದಲ್ಲಿ ಒತ್ತಡ ದಡದಲ್ಲಿರುವುದರ ಎರಡು ಪಟ್ಟು. ಕಿವಿ ನೋಯೋದು ಅದಕ್ಕೇ. ನೋವು ಶುರುವಾಗುವ ಮೊದಲೇ ಮೂಗು ಹಿಡಿದು ಮೆಲ್ಲಗೆ ಊದಬೇಕು. ಮೇಲೆ ಬರುವಾಗ ಉಸಿರು ಬಿಗಿಹಿಡಿಯಲೇಬಾರದು, ಶ್ವಾಸಕೋಶದೊಳಗಿನ ಗಾಳಿ ಹಿಗ್ಗಿ ಜೀವಕ್ಕೇ ಅಪಾಯ. ನೀರೊಳಗೆ ಹೆಬ್ಬೆರಳು ಎತ್ತಿದರೆ 'ಸೂಪರ್' ಅಂತಲ್ಲ, 'ಮೇಲೆ ಹೋಗೋಣ' ಅಂತ. ಸರಿ ಇದೆ ಅನ್ನಲು ಹೆಬ್ಬೆರಳು, ತೋರುಬೆರಳು ಸೇರಿಸಿ ಸೊನ್ನೆ ಮಾಡಬೇಕು.

ಅಂಗಡಿ, ಹೋಟೆಲ್‌ನವರು ಹೇಳಬಹುದಾದ್ದು

ಮೆಡಿಕಲ್ ಶಾಪ್‌ಗೆ ಬಂದು "ಶೀತ ಆಗಿದೆ, ನಾಳೆ ಸ್ಕೂಬಾ ಇದೆ, ಏನಾದ್ರೂ ಕೊಡಿ" ಅನ್ನುವವರಿಗೆ ಡೈವ್ ಬಿಡಿ ಅನ್ನೋದೇ ಒಳ್ಳೆ ಮದ್ದು. ಮೂಗಿಗೆ ಹಾಕಿದ ಡ್ರಾಪ್ಸ್ ಪರಿಣಾಮ ನೀರೊಳಗೇ ಮುಗಿದರೆ ಮೇಲೆ ಬರುವಾಗ ಗಾಳಿ ಕಟ್ಟಿಕೊಂಡು ಕಿವಿ, ಸೈನಸ್‌ಗೆ ಪೆಟ್ಟಾಗ್ತದೆ. ಅಸ್ತಮಾ, ಹೃದಯದ ತೊಂದರೆ ಇರುವವರು ಡಾಕ್ಟರ್ ಒಪ್ಪಿಗೆ ಇಲ್ಲದೆ ಇಳಿಯಬಾರದು. ಗರ್ಭಿಣಿಯರು ಇಳಿಯಲೇಬಾರದು. ಫಾರಂನಲ್ಲಿ ಸುಳ್ಳು ಬರೆದರೆ ನಷ್ಟ ಬರೆದವರಿಗೇ.

ಹಿಂದಿನ ರಾತ್ರಿ ಕುಡಿಯಬಾರದು. ಬೆಳಿಗ್ಗೆ ಹೊಟ್ಟೆ ತುಂಬಾ ಬನ್ಸ್ ತಿಂದು ಬೋಟ್ ಹತ್ತಿದರೆ ವಾಂತಿ ಗ್ಯಾರಂಟಿ, ಎರಡು ಇಡ್ಲಿ ಸಾಕು. ಒಂದು ಡೈವ್ ಆದರೆ ವಿಮಾನ ಹತ್ತಲು ಕನಿಷ್ಠ 12 ಗಂಟೆ, ಹೆಚ್ಚು ಡೈವ್ ಆದರೆ 18 ಗಂಟೆ ಕಾಯಬೇಕು. ಅದೇ ದಿನ ಜೋಗದ ಕಡೆ ಘಟ್ಟ ಹತ್ತುವವರೂ ತರಬೇತುದಾರರನ್ನು ಕೇಳಿಯೇ ಹೊರಡಬೇಕು. ಅವಸರ ಮಾಡದೆ ಒಂದು ರಾತ್ರಿ ಇಲ್ಲೇ ಉಳಿದರೆ ಅವರಿಗೂ ಕ್ಷೇಮ, ಊರಿನ ವ್ಯಾಪಾರಕ್ಕೂ ಲಾಭ.

ಬೋಟ್ ಇಲ್ಲದ ದಿನವೇ ಹೆಚ್ಚು ಅಪಾಯ

ಸ್ಕೂಬಾ ಕ್ಯಾನ್ಸಲ್ ಆದವರು ಆಮೇಲೆ ಹೋಗೋದು ಎಲ್ಲಿಗೆ? ಬೀಚ್‌ಗೆ. ಬೋಟ್ ನಿಲ್ಲಿಸಿದ ಅದೇ ಕಡಲಿಗೆ, ತರಬೇತುದಾರರಿಲ್ಲದೆ, ಜಾಕೆಟ್ ಇಲ್ಲದೆ ಇಳೀತಾರೆ. 2024ರ ಡಿಸೆಂಬರ್‌ನಲ್ಲಿ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ಇದೇ ಬೀಚ್‌ನಲ್ಲಿ ಜೀವ ಕಳೆದುಕೊಂಡದ್ದನ್ನು ಊರು ಮರೆತಿಲ್ಲ. ಅದು ಮಳೆಗಾಲ ಅಲ್ಲ, ಒಳ್ಳೆ ಸೀಸನ್ನೇ ಆಗಿತ್ತು.

ದಡಕ್ಕೆ ಬಂದ ನೀರು ಒಂದು ಕಡೆ ಕೂಡಿ ಜೋರಾಗಿ ಒಳಕ್ಕೆ ಎಳೀತದೆ. ಆ ಜಾಗದಲ್ಲಿ ಅಲೆ ಒಡೆಯೋದು ಕಡಿಮೆ, ಅದಕ್ಕೇ ಹೊಸಬರ ಕಣ್ಣಿಗೆ ಅದೇ ಶಾಂತವಾಗಿ ಕಾಣ್ತದೆ. ಸೆಳೆತಕ್ಕೆ ಸಿಕ್ಕರೆ ದಡದ ಕಡೆ ಎದುರು ಈಜಬಾರದು. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು ಆಮೇಲೆ ದಡ ಸೇರಬೇಕು. ಆಗದಿದ್ದರೆ ತೇಲುತ್ತಾ ಕೈ ಎತ್ತಿ ಕರೆಯಬೇಕು.

ಹಾಗಾಗಿ "ಬೋಟ್ ಯಾಕಿಲ್ಲ ಅಣ್ಣಾ?" ಅಂತ ಮುಂದಿನ ಗಿರಾಕಿ ಕೇಳಿದಾಗ, ಚಿಲ್ಲರೆ ಕೊಡುತ್ತಾ ಒಂದು ಮಾತು ಸೇರಿಸಿ ಹೇಳಿದರೆ ಸಾಕು: "ಕಡಲು ಸರಿ ಇಲ್ಲ, ಇವತ್ತು ಬೀಚಲ್ಲೂ ನೀರಿಗೆ ಇಳೀಬೇಡಿ."