ಹಳೆಯ ಮೋಟಾರಿನ ಮುಂದೀಪಗಳು

ಹಿರೇಕೆರೂರಿನಿಂದ ರಟ್ಟೀಹಳ್ಳಿಗಾಗಲಿ ಮಾಸೂರಿಗಾಗಲಿ ಕತ್ತಲಾದ ಮೇಲೆ ಮೋಟಾರಿನಲ್ಲಿ ಹೋಗುವವರಿಗೆ ದಾರಿಯೊಂದು ಕಂಡರೆ ಸಾಲದು. ಸುಗ್ಗಿಯಲ್ಲಿ ರಸ್ತೆಯಂಚಿಗೆ ಗೋವಿನಜೋಳವನ್ನು ಹರಡಿ ಸುತ್ತಲೂ ಕಲ್ಲಿಟ್ಟಿರುವುದುಂಟು. ಹಿಂದೆ ದೀಪವಿಲ್ಲದ ಚಕ್ಕಡಿಯೂ ಎದುರಾದೀತು. ಒಂದೇ ದೀಪ ಉರಿಯುವ ಮೋಟಾರನ್ನು ಎದುರಿನವನು ಮೋಟಾರು ಸೈಕಲ್ಲೆಂದು ಬಗೆದರೆ, ಅದಕ್ಕೆ ಬೇಕಾದಷ್ಟೇ ದಾರಿಯನ್ನು ಬಿಡುವನು. ಆದುದರಿಂದ ಈ ದೋಷವನ್ನು ನಾಳೆಗೆಂದು ಮುಂದೂಡುವುದು ತರವಲ್ಲ.

1958ರಿಂದ 2014ರವರೆಗೆ ತಯಾರಾದ ಅಂಬಾಸಡರಿನಂತಹ ಗಾಡಿಗಳಲ್ಲಿ ವಿದ್ಯುತ್ತಿನ ಹಾದಿ ಸರಳವಾದುದು. ಬ್ಯಾಟರಿಯಿಂದ ಹೊರಟ ಪ್ರವಾಹವು ಸ್ವಿಚ್ಚನ್ನೂ, ಬೆಳಕನ್ನು ತಗ್ಗಿಸುವ ಡಿಪ್ ಸ್ವಿಚ್ಚನ್ನೂ ದಾಟಿ ಬಲ್ಬನ್ನು ಸೇರುವುದು; ಅಲ್ಲಿಂದ ಗಾಡಿಯ ಲೋಹದ ಮೈಯ ಮೂಲಕ ಬ್ಯಾಟರಿಗೆ ಹಿಂದಿರುಗುವುದು. ಈ ಮರುದಾರಿಯನ್ನೇ ಕಸಬುದಾರರು ‘ಅರ್ತು’ ಎನ್ನುವರು.

ಒಂದೇ ದೀಪ ಕೆಟ್ಟಿದ್ದರೆ, ಎಡಬಲದ ಬಲ್ಬುಗಳನ್ನು ಅದಲುಬದಲು ಮಾಡಿ ನೋಡೋಣ. ದೋಷವು ಬಲ್ಬಿನೊಡನೆ ಸ್ಥಳ ಬದಲಿಸಿದರೆ ತಪ್ಪು ಬಲ್ಬಿನದು. ಇದ್ದೆಡೆಯಲ್ಲೇ ಉಳಿದರೆ ಹಿಡಿಕೆಯದು, ತಂತಿಯದು ಅಥವಾ ಅರ್ತಿನದು. ಹ್ಯಾಲೊಜನ್ ಬಲ್ಬಾದರೆ ಗಾಜನ್ನು ಬೆರಳಿನಿಂದ ಮುಟ್ಟಬಾರದು. ಅಂಟಿದ ಜಿಡ್ಡಿನಿಂದ ಅದರ ಆಯುಸ್ಸು ಕುಗ್ಗುವುದು. ಎರಡೂ ದೀಪಗಳು ಒಮ್ಮೆಗೇ ಆರಿದ್ದರೆ ಎರಡಕ್ಕೂ ಸಾಮಾನ್ಯವಾದ ಸ್ವಿಚ್ಚನ್ನೂ, ಇದ್ದಲ್ಲಿ ಫ್ಯೂಜನ್ನೂ ಪರೀಕ್ಷಿಸಬೇಕು. ಎತ್ತರದ ಬೆಳಕು ಮಾತ್ರ ಬಂದು ತಗ್ಗಿನ ಬೆಳಕು ಎರಡು ಕಡೆಯೂ ಬಾರದಿದ್ದರೆ ಸಂದೇಹವು ಡಿಪ್ ಸ್ವಿಚ್ಚಿನ ಮೇಲೆ ಬೀಳುವುದು. ಸುಟ್ಟ ಫ್ಯೂಜಿಗೆ ಬದಲಾಗಿ ದಪ್ಪ ತಂತಿಯನ್ನು ಸುತ್ತುವುದು ಬೆಂಕಿಯನ್ನು ಕರೆದಂತೆ.

ದೀಪ ಉರಿದರೂ ಮಂಕಾಗಿರುವುದು ಹೆಚ್ಚು ಮೋಸದ ಸಂಗತಿ. 60 ವಾಟಿನ ಎರಡು ಬಲ್ಬುಗಳು 12 ವೋಲ್ಟಿನಲ್ಲಿ 10 ಆಂಪಿಯರುಗಳಷ್ಟು ಪ್ರವಾಹವನ್ನು ಎಳೆಯುವುವು. ಇಷ್ಟು ಪ್ರವಾಹಕ್ಕೆ ಅಲ್ಪ ಕಿಲುಬೂ ಅಡ್ಡಿಯೇ. ವೋಲ್ಟೇಜು ನೂರಕ್ಕೆ 10ರಷ್ಟು ಇಳಿದರೆ ಬೆಳಕು ನೂರಕ್ಕೆ ಸುಮಾರು 30ರಷ್ಟು ಕುಗ್ಗುವುದು. ಪರೀಕ್ಷೆಗಾಗಿ, ದೀಪದ ಅರ್ತಿನ ತುದಿಯಿಂದ, ಬ್ಯಾಟರಿಯಲ್ಲಿ ಗಾಡಿಯ ಮೈಗೆ ಸೇರಿರುವ ತುದಿಗೆ ಪ್ರತ್ಯೇಕ ತಂತಿಯೊಂದನ್ನು ಹಿಡಿಯಬೇಕು. ಒಡನೆಯೇ ಬೆಳಕು ಹೆಚ್ಚಿದರೆ ಅರ್ತಿನಲ್ಲೇ ಕೊರತೆಯೆಂದು ತಿಳಿದು, ಆ ಸ್ಥಳದ ತುಕ್ಕನ್ನೂ ಬಣ್ಣವನ್ನೂ ಉಜ್ಜಿ ತೆಗೆದು ತಿರುಪನ್ನು ಬಿಗಿಮಾಡಬೇಕು. ಇಂಜಿನ್ನಿನ ವೇಗ ಹೆಚ್ಚಿದಾಗ ಮಾತ್ರ ದೀಪಗಳು ಬೆಳಗುವುದಾದರೆ ಬ್ಯಾಟರಿಯನ್ನೂ ಅದನ್ನು ತುಂಬುವ ಯಂತ್ರವನ್ನೂ ನೋಡಬೇಕು. ಬಲ್ಬುಗಳು ಮೇಲಿಂದ ಮೇಲೆ ಸುಡುತ್ತಿದ್ದರೆ ವೋಲ್ಟೇಜು ಮಿತಿಮೀರಿರಬಹುದು. ಆಗ ರೆಗ್ಯುಲೇಟರನ್ನು ಬಲ್ಲವರಿಗೆ ತೋರಿಸುವುದು ಲೇಸು.

ತಂತಿ, ಬಲ್ಬುಗಳೆಲ್ಲ ನೆಟ್ಟಗಿದ್ದೂ ಬೆಳಕು ಸಾಲದಿದ್ದರೆ ಒಳಗಿನ ಪ್ರತಿಫಲಕವು ಹೊಳಪುಗೆಟ್ಟಿದೆಯೇ ಎಂದು ನೋಡಬೇಕು. ಅದನ್ನು ಒರಸಿದರೆ ಪ್ರಯೋಜನವಿಲ್ಲ, ಬದಲಾಯಿಸಬೇಕು. ಕೊನೆಯಲ್ಲಿ, ಸಮನೆಲದ ಮೇಲೆ ಗಾಡಿಯನ್ನು ಗೋಡೆಯೆದುರು ನಿಲ್ಲಿಸಿ, ಎರಡು ಬೆಳಕುಗಳೂ ಒಂದೇ ಮಟ್ಟದಲ್ಲಿ ಬೀಳುತ್ತಿವೆಯೇ, ತಗ್ಗಿಸಿದಾಗ ಕೆಳಗಿಳಿಯುತ್ತಿವೆಯೇ ಎಂದು ಪರಿಶೀಲಿಸೋಣ. ತಿಂಗಳಿಗೊಮ್ಮೆ, ಹಗಲು ಮುಗಿಯುವ ಮುನ್ನವೇ, ಈ ಕೆಲಸಕ್ಕೆ ಹತ್ತು ನಿಮಿಷಗಳನ್ನು ಮೀಸಲಿಟ್ಟರೆ ಸಾಕು.